ಹಳೇ ಮಿಯಾಟಾಗೆ ಹೊಸ ಕ್ಲಚ್: ದಿನಾ ಓಡಿಸುವ ಕಾರಿಗೆ ರೇಸ್ ಪ್ಲೇಟ್ ಯಾಕೆ ಬೇಡ

ಮಾಜ್ದಾ ಕಂಪನಿಯ ಎಂಎಕ್ಸ್-5, ಅಂದರೆ ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಅಂತ ಕರೆಯುವ ಎರಡು ಸೀಟಿನ ಪುಟ್ಟ ಕಾರು, ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋ ಆಟೋ ಶೋದಲ್ಲಿ. ಆಗ ಬಂದ ಕಾರುಗಳಿಗೆ ಈಗ ಮೂವತ್ತೈದು ದಾಟಿದೆ. ಆದರೂ ಕ್ಯಾಲಿಫೋರ್ನಿಯಾದಲ್ಲಿ ಇವು ಇನ್ನೂ ದಿನಾ ಆಫೀಸಿಗೆ ಹೋಗಿ ಬರುತ್ತಿವೆ. ಇಲ್ಲಿನ ಬಹುಪಾಲು ರಸ್ತೆಗಳಿಗೆ ಚಳಿಗಾಲದಲ್ಲಿ ಉಪ್ಪು ಸುರಿಯುವುದಿಲ್ಲ, ಹಾಗಾಗಿ ತಗಡಿಗೆ ತುಕ್ಕು ಕಡಿಮೆ. ಬಿಡಿಭಾಗ ಈಗಲೂ ಸಿಗುತ್ತದೆ. ಸ್ಪೋರ್ಟ್ಸ್ ಕಾರು ಬೇಕು, ಆದರೆ ಜೇಬು ಅಷ್ಟು ದೊಡ್ಡದಿಲ್ಲ ಅನ್ನುವ ಕನ್ನಡದ ಹುಡುಗರೂ ಇದನ್ನೇ ಹುಡುಕಿಕೊಂಡು ಹೋಗುತ್ತಾರೆ. ಕೊಂಡು ಸ್ವಲ್ಪ ದಿನಕ್ಕೆ ಫೋನ್ ಬರುತ್ತದೆ: "ಗುರೂ, ಕ್ಲಚ್ ಹೋಗಿದೆ. ಹೆಂಗೂ ಗೇರ್‌ಬಾಕ್ಸ್ ಇಳಿಸ್ತಾರಲ್ಲ, ಸ್ಟೇಜ್ ತ್ರೀ ಹಾಕಿಸಿಬಿಡ್ಲಾ?"

ಸ್ಟೇಜ್ ತ್ರೀ ಅಂದರೆ ಮಾಮೂಲಿಗಿಂತ ಬಹಳ ಬಿಗಿಯಾಗಿ ಹಿಡಿಯುವ, ರೇಸಿನವರ ಥರದ ಕ್ಲಚ್. ಬೇಡ ಮಾರಾಯ ಅನ್ನುವುದೇ ನನ್ನ ಉತ್ತರ. 1.6 ಲೀಟರ್ ಎಂಜಿನ್ನಿನ ಮಿಯಾಟಾ ಆಗಿದ್ದರೆ, ಆಮೇಲೆ ಬಂದ 1.8 ಲೀಟರ್ ಮಿಯಾಟಾದ ಕ್ಲಚ್ಚನ್ನು ಅದರ ಫ್ಲೈವೀಲ್ (ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ) ಸಮೇತ ತಂದು ಕೂರಿಸಿ. ಎಂಜಿನ್ನಿಗೆ ಟರ್ಬೋ ಗಿರ್ಬೋ ಸೇರಿಸಿಲ್ಲದಿದ್ದರೆ ಅದರಿಂದಾಚೆ ಹೋಗುವ ಅಗತ್ಯವೇ ಇಲ್ಲ. ದುಡ್ಡು ಖರ್ಚು ಮಾಡಲು ತಯಾರಾಗಿ ಬಂದವರಿಗೆ ಕಂಪನಿಯ ಮಾಮೂಲಿ ಭಾಗ ಹಾಕಿ ಅಂದರೆ ಮುಖ ಸಪ್ಪೆಯಾಗುತ್ತದೆ, ಗೊತ್ತು. ಅದಕ್ಕೇ ಲೆಕ್ಕ ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮೊದಲು ಕ್ಲಚ್ ನಿಜಕ್ಕೂ ಹೋಗಿದೆಯಾ ಅಂತ ನೋಡಬೇಕು. ಕ್ಲಚ್ ಎರಡು ಥರ ಕೈಕೊಡುತ್ತದೆ: ಹಿಡಿಯುವುದಿಲ್ಲ, ಇಲ್ಲವೇ ಬಿಡುವುದಿಲ್ಲ. ಹಿಡಿತ ಹೋಗಿದೆಯೋ ಇಲ್ಲವೋ ತಿಳಿಯಲು ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 2,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿ, ಕಾರು ಮಾತ್ರ ಅದೇ ವೇಗದಲ್ಲಿದ್ದರೆ ಪ್ಲೇಟ್ ಜಾರುತ್ತಿದೆ ಎಂದೇ ಅರ್ಥ. ಪ್ಲೇಟ್ ಸವೆದಂತೆ ಪೆಡಲ್ ಗಟ್ಟಿಯಾಗುವುದೂ ಉಂಟು, ಯಾಕೆಂದರೆ ಪ್ಲೇಟನ್ನು ಒತ್ತಿ ಹಿಡಿಯುವ ತಟ್ಟೆಯಾಕಾರದ ಡಯಾಫ್ರಮ್ ಸ್ಪ್ರಿಂಗಿನ ಎಲೆಗಳು ಕೂರುವ ಕೋನ ಬದಲಾಗುತ್ತಾ ಹೋಗುತ್ತದೆ. ಇನ್ನೊಂದು ಥರದ್ದು ಬೇರೆಯೇ ಕಥೆ. ರಿವರ್ಸ್ ಹಾಕಿದರೆ ಕರಕರ ಸದ್ದು, ಫಸ್ಟ್ ಗೇರ್ ಬೀಳುವುದೇ ಇಲ್ಲ, ಪೆಡಲ್ ನೆಲಕ್ಕಂಟಿದರೂ ಕಾರು ಮುಂದಕ್ಕೆ ತೆವಳುತ್ತದೆ. ಹೀಗಾದರೆ ಮಿಯಾಟಾದಲ್ಲಿ ಮೊದಲ ಅನುಮಾನ, ಪೆಡಲ್ ಒತ್ತಿದ್ದನ್ನು ಆಯಿಲ್ ಒತ್ತಡದಿಂದ ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ಮೇಲೆ. ಗೇರ್‌ಬಾಕ್ಸಿನ ಹೊರಗೆ ಎರಡು ಬೋಲ್ಟಿನಲ್ಲಿ ಕೂತಿರುವ ಈ ಸಣ್ಣ ಸಿಲಿಂಡರ್ ಸೋರುವುದು ಈ ಕಾರಿನ ಹುಟ್ಟುಗುಣ. ಅದರ ರಬ್ಬರ್ ಟೋಪಿ ಸರಿಸಿದಾಗ ಒಳಗೆ ಒದ್ದೆ ಕಂಡರೆ ಕ್ಲಚ್ಚಿನ ತಂಟೆಗೇ ಹೋಗಬೇಡಿ. ಸ್ಲೇವ್ ಮತ್ತು ಪೆಡಲ್ ಕಡೆ ಇರುವ ಮಾಸ್ಟರ್ ಸಿಲಿಂಡರ್ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಹೊಸ ಬ್ರೇಕ್ ಆಯಿಲ್ ಹಾಕಿ, ಗಾಳಿ ತೆಗೆಸಿ. ಒಂದನ್ನೇ ಬದಲಾಯಿಸಿದರೆ ಇನ್ನೊಂದು ಹಿಂದೆಯೇ ಸೋರತೊಡಗುತ್ತದೆ. ಎಷ್ಟೋ ಜನ ಇಷ್ಟಕ್ಕೇ ಗೇರ್‌ಬಾಕ್ಸ್ ಇಳಿಸಿ, ಚೆನ್ನಾಗಿದ್ದ ಪ್ಲೇಟನ್ನು ಕಸಕ್ಕೆ ಹಾಕಿದ್ದಾರೆ.

ಪ್ಲೇಟೇ ಹೋಗಿದೆ ಅಂದುಕೊಳ್ಳೋಣ. ಕ್ಲಚ್ಚಿನೊಳಗೆ ಮುಖ್ಯವಾಗಿ ಮೂರು ತುಂಡು. ಎಂಜಿನ್ ಜೊತೆ ತಿರುಗುವ ಫ್ಲೈವೀಲ್, ಅದಕ್ಕೆ ಬೋಲ್ಟ್ ಮಾಡಿದ ಪ್ರೆಷರ್ ಪ್ಲೇಟ್, ಇವೆರಡರ ನಡುವೆ ಸಿಕ್ಕಿಕೊಂಡ ಕ್ಲಚ್ ಪ್ಲೇಟ್. ಗೇರ್‌ಬಾಕ್ಸಿನ ಶಾಫ್ಟ್ ಈ ನಡುವಿನ ಪ್ಲೇಟಿನ ಹಲ್ಲುಗಳೊಳಗೆ ಕೂರುತ್ತದೆ. ಪೆಡಲ್ ಬಿಟ್ಟಿರುವಾಗ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ನಡುವಿನ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿದಿರುತ್ತದೆ. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಆ ಸ್ಪ್ರಿಂಗನ್ನು ತಳ್ಳಿ ಹಿಡಿತ ಬಿಡಿಸುತ್ತದೆ.

ಈ ಕಟ್ಟು ಎಷ್ಟು ಟಾರ್ಕ್ (ತಿರುಗಿಸುವ ಬಲ) ತಡೆಯುತ್ತದೆ ಅನ್ನುವುದಕ್ಕೆ ಸರಳ ಗುಣಾಕಾರವಿದೆ: ಉಜ್ಜುವ ಮುಖ ಎರಡು, ಗುಣಿಸು ಘರ್ಷಣೆಯ ಗುಣಾಂಕ, ಗುಣಿಸು ಸ್ಪ್ರಿಂಗ್ ಒತ್ತುವ ಬಲ, ಗುಣಿಸು ಪ್ಲೇಟಿನ ಸರಾಸರಿ ತ್ರಿಜ್ಯ. ಒಂದು ಉದಾಹರಣೆ ನೋಡಿ. ಇದು ಮಾಜ್ದಾ ಕೊಟ್ಟ ಅಂಕಿಯಲ್ಲ, ಲೆಕ್ಕ ಅರ್ಥವಾಗಲಿ ಅಂತ ಹಿಡಿದದ್ದು. ಮಾಮೂಲಿ ಪ್ಲೇಟಿನ ಘರ್ಷಣೆ 0.3, ಒತ್ತುವ ಬಲ 4,000 ನ್ಯೂಟನ್, ಸರಾಸರಿ ತ್ರಿಜ್ಯ 82 ಮಿಲಿಮೀಟರ್ ಅನ್ನಿ. ಗುಣಿಸಿದರೆ ಸುಮಾರು 197 ನ್ಯೂಟನ್ ಮೀಟರ್. 1.6 ಲೀಟರ್ ಮಿಯಾಟಾದ ಎಂಜಿನ್ ಹೊಸದಿದ್ದಾಗ ಕೊಡುತ್ತಿದ್ದ ಟಾರ್ಕ್ 136 ನ್ಯೂಟನ್ ಮೀಟರ್ ಆಸುಪಾಸು. ಅಂದರೆ ಇಂಥ ಕ್ಲಚ್ಚಿಗೆ ಎಂಜಿನ್ ಕೊಡುವುದಕ್ಕಿಂತ ನಲವತ್ತೈದು ಶೇಕಡಾದಷ್ಟು ಹೆಚ್ಚಿನ ಹಿಡಿತವಿದೆ. ಪ್ಲೇಟ್ ಸವೆದ ಮೇಲೂ, ಬಿಸಿಯಾದಾಗಲೂ ಜಾರದಿರಲಿ ಅಂತ ಕಾರ್ಖಾನೆಯವರು ಹೀಗೆ ಸ್ವಲ್ಪ ಮೇಲುಗೈ ಇಟ್ಟೇ ಕೊಡುತ್ತಾರೆ.

ಈ ಗುಣಾಕಾರದಲ್ಲಿ ಪ್ಲೇಟಿನ ವಿಸ್ತೀರ್ಣ ಎಲ್ಲೂ ಬರಲಿಲ್ಲ ಗಮನಿಸಿ. ನಾಲ್ಕೇ ನಾಲ್ಕು ಬಿಲ್ಲೆ ಅಂಟಿಸಿದ ರೇಸ್ ಪ್ಲೇಟು ಪೂರ್ತಿ ಬಳೆಯಾಕಾರದ ಪ್ಲೇಟಿಗಿಂತ ಹೆಚ್ಚು ಹಿಡಿಯುವುದು ಹೀಗೆಯೇ. ವಿಸ್ತೀರ್ಣ ಕೆಲಸಕ್ಕೆ ಬರುವುದು ಹಿಡಿತಕ್ಕಲ್ಲ, ಶಾಖ ಹಂಚಿಕೊಳ್ಳಲು ಮತ್ತು ಸವೆತ ತಾಳಿಕೊಳ್ಳಲು.

ಒಂದೇ ಪ್ಲೇಟಿನಲ್ಲಿ ಹಿಡಿತ ಹೆಚ್ಚಿಸಬೇಕೆಂದರೆ ಹಾಗಾದರೆ ಮೂರೇ ದಾರಿ: ಪ್ಲೇಟ್ ದೊಡ್ಡದು ಮಾಡಿ, ಸ್ಪ್ರಿಂಗ್ ಬಿಗಿ ಮಾಡಿ, ಇಲ್ಲವೇ ಉಜ್ಜುವ ಸಾಮಗ್ರಿ ಬದಲಾಯಿಸಿ. ಮೂರಕ್ಕೂ ಬೆಲೆಯುಂಟು, ಆದರೆ ಮೊದಲನೆಯದು ತೀರಾ ಅಗ್ಗ. ಅಮೆರಿಕದಲ್ಲಿ 1990ರಿಂದ 1993ರ ಮಾಡೆಲ್‌ವರೆಗಿನ 1.6 ಲೀಟರ್ ಮಿಯಾಟಾಗಳಲ್ಲಿ ಕ್ಲಚ್ ಪ್ಲೇಟ್ 200 ಮಿಲಿಮೀಟರ್. 1994ರಲ್ಲಿ 1.8 ಲೀಟರ್ ಎಂಜಿನ್ ಬಂದಾಗ ಅದು 215 ಮಿಲಿಮೀಟರ್ ಆಯಿತು. ವ್ಯಾಸ ಏಳೂವರೆ ಶೇಕಡಾ ಹೆಚ್ಚು, ಅದೇ ಒತ್ತಡಕ್ಕೆ ಹಿಡಿತವೂ ಹೆಚ್ಚುಕಮ್ಮಿ ಅಷ್ಟೇ ಹೆಚ್ಚು, ಶಾಖ ಹಂಚಿಕೊಳ್ಳಲು ಜಾಗವೂ ಜಾಸ್ತಿ. ಎರಡೂ ಎಂಜಿನ್ನುಗಳ ಹಿಂಭಾಗ ಒಂದೇ ಕುಟುಂಬದ್ದು, ಐದು ಗೇರಿನ ಗೇರ್‌ಬಾಕ್ಸಿನ ಶಾಫ್ಟೂ ಅದೇ. ಹಾಗಾಗಿ ದೊಡ್ಡ ಕ್ಲಚ್ ಏನನ್ನೂ ಕೊರೆಯದೆ, ಬೆಸೆಯದೆ ಕೂರುತ್ತದೆ. ಒಂದೇ ಷರತ್ತು: 1.8ರ ಪ್ರೆಷರ್ ಪ್ಲೇಟ್ 1.6ರ ಫ್ಲೈವೀಲ್ ಮೇಲೆ ಕೂರುವುದಿಲ್ಲ, ಫ್ಲೈವೀಲನ್ನೂ 1.8ರದ್ದೇ ತರಬೇಕು. ಪೆಡಲ್ ಮೆದುವಾಗಿಯೇ ಉಳಿಯುತ್ತದೆ, ಸಿಗ್ನಲ್‌ನಲ್ಲಿ ಕಾರು ಹೊರಡುವಾಗ ಮುಗ್ಗರಿಸುವುದಿಲ್ಲ. ಕಾರ್ಖಾನೆಯವರೇ ಇದೇ ತೂಕದ ಕಾರಿಗೆ ಅಳೆದು ಮಾಡಿದ ಭಾಗ ಇದು.

ಎರಡನೆಯ ದಾರಿ, ಬಿಗಿ ಸ್ಪ್ರಿಂಗ್. ಒತ್ತುವ ಬಲ ಮೂವತ್ತು ಶೇಕಡಾ ಏರಿದರೆ ಕಾಲಿಗೆ ಬೀಳುವ ಭಾರವೂ ಸರಿಸುಮಾರು ಅಷ್ಟೇ ಏರುತ್ತದೆ. ಘಾಟಿ ರಸ್ತೆಯಲ್ಲಿ ಇದು ಗೊತ್ತೇ ಆಗದು. ಸಂಜೆ ಐದೂವರೆಗೆ ಹೆದ್ದಾರಿ 101ರಲ್ಲಿ ಸ್ಯಾನ್ ಹೋಸೆ ಕಡೆ ಹೊರಟಾಗಲೋ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೋ ಎಡ ಮಂಡಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕಾಲಿನ ಮಾತು ಹಾಗಿರಲಿ, ಎಂಜಿನ್ನಿಗೂ ಇದರ ಹೊಡೆತವಿದೆ, ಅದನ್ನು ಮಾರುವವರು ಹೇಳುವುದಿಲ್ಲ. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ತಳ್ಳುವ ಬಲ ಫ್ಲೈವೀಲ್ ಮೂಲಕ ಎಂಜಿನ್ನಿನ ಮುಖ್ಯ ದಂಡವಾದ ಕ್ರಾಂಕ್‌ಶಾಫ್ಟನ್ನೇ ಮುಂದಕ್ಕೆ ನೂಕುತ್ತದೆ. ಆ ನೂಕನ್ನು ತಡೆಯುವುದು ತೆಳ್ಳಗಿನ ಥ್ರಸ್ಟ್ ಬೇರಿಂಗ್. ಎಂಜಿನ್ ಓಡುತ್ತಿದ್ದರೆ ಅದರ ಮೇಲೆ ಆಯಿಲ್ ಪದರ ಇರುತ್ತದೆ, ತೊಂದರೆಯಿಲ್ಲ. ಆದರೆ ಅಮೆರಿಕದ ಮಿಯಾಟಾದಲ್ಲಿ ಕ್ಲಚ್ ಒತ್ತದೆ ಸ್ಟಾರ್ಟರ್ ತಿರುಗುವುದಿಲ್ಲ. ರಾತ್ರಿಯೆಲ್ಲಾ ನಿಂತು ಆಯಿಲ್ ಇಳಿದುಹೋದ ಎಂಜಿನ್, ಬೆಳಗ್ಗೆ ಮೊದಲ ಸುತ್ತು ತಿರುಗುವ ಗಳಿಗೆಯಲ್ಲೇ ಆ ಬೇರಿಂಗಿನ ಮೇಲೆ ಪೂರ್ತಿ ನೂಕು. ದಿನಾ ಓಡಿಸುವ ಕಾರು ಅಂದರೆ ದಿನಾ ಹೀಗೆ. ಸ್ಪ್ರಿಂಗ್ ಬಿಗಿಯಾದಷ್ಟೂ ಇದು ಕೆಟ್ಟದ್ದು. ಸಿಗ್ನಲ್‌ನಲ್ಲಿ ಕ್ಲಚ್ ತುಳಿದುಕೊಂಡೇ ಕೂರುವ ಅಭ್ಯಾಸವಿದ್ದರೆ ಬಿಡಿ. ನ್ಯೂಟ್ರಲ್‌ಗೆ ತಂದು ಕಾಲು ತೆಗೆಯಿರಿ. ರಿಲೀಸ್ ಬೇರಿಂಗೂ ಹೆಚ್ಚು ಕಾಲ ಬಾಳುತ್ತದೆ.

ಮೂರನೆಯದು ಸಾಮಗ್ರಿ. ಮಾಮೂಲಿ ಕಾರುಗಳಲ್ಲಿ ಬರುವುದನ್ನು ಆರ್ಗ್ಯಾನಿಕ್ ಅನ್ನುತ್ತಾರೆ: ನಾರು, ರಾಳ, ಜೊತೆಗೆ ಹಿತ್ತಾಳೆ ಅಥವಾ ತಾಮ್ರದ ಎಳೆ. ಹಿಂದೆ ಇದರಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಹಾಗಾಗಿ ತೀರಾ ಹಳೇ ಕ್ಲಚ್ ಬಿಚ್ಚುವಾಗ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆರ್ಗ್ಯಾನಿಕ್ ಪ್ಲೇಟ್ ಮೆದುವಾಗಿ ಹಿಡಿಯುತ್ತದೆ, ಒಮ್ಮೊಮ್ಮೆ ಬಿಸಿಯಾಗಿ ವಾಸನೆ ಬಂದರೂ ತಣಿದ ಮೇಲೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಕೆವ್ಲಾರ್ ಅನ್ನುವ ಗಟ್ಟಿ ನಾರಿನ ಪ್ಲೇಟ್ ಹೆಚ್ಚು ಬಾಳುತ್ತದೆ, ಮೆದುವಾಗಿಯೂ ಹಿಡಿಯುತ್ತದೆ, ಆದರೆ ಹೊಂದಿಕೊಳ್ಳಲು ತುಂಬಾ ದಿನ ಬೇಕು, ಅಲ್ಲದೆ ಒಮ್ಮೆ ವಿಪರೀತ ಕಾದರೆ ಮುಖ ಗಾಜಿನ ಹಾಗೆ ನುಣುಪಾಗಿ ಮತ್ತೆ ಹಿಡಿಯುವುದು ಕಷ್ಟ. ಲೋಹ ಮತ್ತು ಸೆರಾಮಿಕ್ ಬೆರೆತ ಬಿಲ್ಲೆ ಪ್ಲೇಟಿನದ್ದು ಹೆಚ್ಚಿನ ಘರ್ಷಣೆ, ಶಾಖಕ್ಕೂ ಅಂಜುವುದಿಲ್ಲ. ಅದಕ್ಕೇ ರೇಸಿನವರಿಗೆ ಇಷ್ಟ.

ರಸ್ತೆಯಲ್ಲಿ ಅದು ಯಾಕೆ ಹಿಂಸೆ ಅನ್ನುವುದು ಪ್ಲೇಟನ್ನು ಅಡ್ಡದಿಂದ ನೋಡಿದರೆ ತಿಳಿಯುತ್ತದೆ. ಮಾಮೂಲಿ ಪ್ಲೇಟಿನ ಎರಡು ಮುಖಗಳ ನಡುವೆ ಅಲೆಯಲೆಯಾಗಿ ಬಾಗಿಸಿದ ತೆಳು ಉಕ್ಕಿನ ಪಟ್ಟಿಗಳಿವೆ, ಬೆರಳಲ್ಲಿ ಒತ್ತಿದರೂ ಸ್ವಲ್ಪ ಕೊಡುತ್ತವೆ. ಪೆಡಲ್ ನಿಧಾನ ಬಿಟ್ಟಂತೆ ಈ ಅಲೆಗಳು ಮೊದಲು ಚಪ್ಪಟೆಯಾಗುತ್ತವೆ, ಹಿಡಿತ ಸೊನ್ನೆಯಿಂದ ಮೆಲ್ಲಗೆ ಏರುತ್ತದೆ. ನಾವು ಹಾಫ್ ಕ್ಲಚ್ ಅನ್ನುವ ಆ ಒಂದಿಷ್ಟು ಅಂತರ ಹುಟ್ಟುವುದೇ ಇಲ್ಲಿ. ಬಹಳಷ್ಟು ಬಿಲ್ಲೆ ಪ್ಲೇಟುಗಳಲ್ಲಿ ಈ ಅಲೆಪಟ್ಟಿ ಇಲ್ಲ, ಗಟ್ಟಿ ಉಕ್ಕಿಗೆ ನೇರ ಬಿಲ್ಲೆ. ಹಾಗಾಗಿ ಹಾಫ್ ಕ್ಲಚ್ ಅನ್ನುವುದೇ ಇರುವುದಿಲ್ಲ. ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಇನ್ನು ಪ್ಲೇಟಿನ ನಡುವೆ ಕಾಣುವ ನಾಲ್ಕಾರು ಸುರುಳಿ ಸ್ಪ್ರಿಂಗುಗಳು ಎಂಜಿನ್ನಿನ ಒಂದೊಂದು ಸಿಡಿತದ ಹೊಡೆತ ಗೇರುಗಳಿಗೆ ತಾಕದಂತೆ ತಡೆಯುತ್ತವೆ. ಕೆಲವು ರೇಸ್ ಪ್ಲೇಟುಗಳಲ್ಲಿ ಅವೂ ಇಲ್ಲ. ಮೂವತ್ತು ವರ್ಷ ಹಳೆಯ ಗೇರ್‌ಬಾಕ್ಸಿಗೆ ಇಂಥದ್ದನ್ನು ಕಟ್ಟಿ ಟ್ರಾಫಿಕ್ಕಿಗೆ ಇಳಿಯುವುದು ನನ್ನ ಮಟ್ಟಿಗೆ ದಡ್ಡತನ.

ಹೆಚ್ಚು ಹಿಡಿಯುವ ಪ್ಲೇಟ್ ಹೆಚ್ಚು ಬಾಳುತ್ತದೆ ಅಂತ ವಾದ ಮಾಡುವವರಿದ್ದಾರೆ. ಶಾಖದ ಲೆಕ್ಕ ಬೇರೆಯೇ ಹೇಳುತ್ತದೆ. ಮಿಯಾಟಾದ ಫಸ್ಟ್ ಗೇರ್ ಅನುಪಾತ 3.136, 1.6ರ ಹಿಂದಿನ ಚಕ್ರಗಳ ನಡುವಿನ ಗೇರು, ಅಂದರೆ ಡಿಫರೆನ್ಷಿಯಲ್, 4.3, ಗುಣಿಸಿದರೆ ಹದಿಮೂರೂವರೆ. ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಅಷ್ಟು ಸುತ್ತು ತಿರುಗಬೇಕು. 185/60-14 ಟೈರಿನಲ್ಲಿ 1,500 ಆರ್‌ಪಿಎಂ ಅಂದರೆ ಗಂಟೆಗೆ 12 ಕಿಲೋಮೀಟರ್. ಎಂಜಿನ್ನನ್ನು 1,500ರಲ್ಲೇ ಇಟ್ಟು ಸಮತಟ್ಟು ರಸ್ತೆಯಲ್ಲಿ ಕ್ಲಚ್ ಬಿಟ್ಟರೆ, ಕಾರು ಪಡೆದ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಚಾಲಕ ಸೇರಿ 1,050 ಕಿಲೋ ತೂಕಕ್ಕೆ ಅದು ಸುಮಾರು 6,000 ಜೂಲ್. ಸರಾಗವಾಗಿ ಹಿಡಿಯದ ಪ್ಲೇಟ್ ಇದ್ದರೆ ಎಂಜಿನ್ ಆಫ್ ಆಗದಿರಲಿ ಅಂತ ನೀವು 3,000ಕ್ಕೆ ಏರಿಸಿ ಬಿಡುತ್ತೀರಿ. ವೇಗ ಎರಡು ಪಟ್ಟು, ಶಾಖ ನಾಲ್ಕು ಪಟ್ಟು. ಪ್ಲೇಟ್ ಅದನ್ನು ತಾಳಬಹುದು, ಫ್ಲೈವೀಲ್ ಮೇಲೆ ಮಾತ್ರ ನೀಲಿ ಮಚ್ಚೆ ಬೀಳುತ್ತದೆ.

ಏರುರಸ್ತೆಯಲ್ಲಿ ಬ್ರೇಕ್ ಒತ್ತದೆ ಕ್ಲಚ್ಚಿನಲ್ಲೇ ಕಾರು ನಿಲ್ಲಿಸಿಕೊಳ್ಳುವ ಚಟ ಬಹಳ ಜನಕ್ಕಿದೆ. ಐದು ಶೇಕಡಾ ಏರಿನಲ್ಲಿ ಹೀಗೆ 1,300 ಆರ್‌ಪಿಎಂನಲ್ಲಿ ನಿಲ್ಲಿಸಿಕೊಂಡರೆ ಕ್ಲಚ್ಚಿನಲ್ಲಿ ಉರಿಯುವುದು ಒಂದೂವರೆ ಕಿಲೋವ್ಯಾಟ್. ಬಚ್ಚಲಲ್ಲಿ ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ ಇರುತ್ತದಲ್ಲ, ಅದನ್ನು ನೀರಿಲ್ಲದೆ ಹಚ್ಚಿ ಪ್ಲೇಟಿಗೆ ಆನಿಸಿ ಇಟ್ಟಂತೆ. ಯಾವ ಸ್ಟೇಜಿನ ಕ್ಲಚ್ ಹಾಕಿಸಿದರೂ ಈ ಚಟಕ್ಕೆ ಮದ್ದಿಲ್ಲ.

ಸ್ಟೇಜ್ ಅಂದೆನಲ್ಲ, ಅದಕ್ಕೆ ಯಾವ ಮಾನದಂಡವೂ ಇಲ್ಲ. ಒಂದು ಕಂಪನಿಯ ಸ್ಟೇಜ್ ಒನ್ ಇನ್ನೊಂದರ ಸ್ಟೇಜ್ ಟೂ ಆಗಿರಬಹುದು. ಕೊಳ್ಳುವ ಮುಂಚೆ ಕೇಳಬೇಕಾದ್ದು ಎಷ್ಟು ನ್ಯೂಟನ್ ಮೀಟರ್ ತಡೆಯುತ್ತದೆ, ಸಾಮಗ್ರಿ ಯಾವುದು, ನಡುವೆ ಸ್ಪ್ರಿಂಗ್ ಇದೆಯಾ, ಅಲೆಪಟ್ಟಿ ಇದೆಯಾ ಅಂತ. ಉತ್ತರ ಕೊಡದವರ ಹತ್ತಿರ ಕೊಳ್ಳಬೇಡಿ.

ಹಗುರ ಫ್ಲೈವೀಲಿನ ಆಸೆಯೂ ಇದೇ ಹೊತ್ತಿಗೆ ಹುಟ್ಟುತ್ತದೆ. ಎಂಜಿನ್ ಚುರುಕಾಗಿ ಏರಿಳಿಯುತ್ತದೆ, ಗೇರ್ ಇಳಿಸುವಾಗ ಖುಷಿ ಕೊಡುತ್ತದೆ, ಸುಳ್ಳಲ್ಲ. ಆದರೆ ಕಾರು ಹೊರಡುವಾಗ ನೆರವಿಗೆ ಬರುವುದು ಫ್ಲೈವೀಲಿನಲ್ಲಿ ಕೂಡಿಟ್ಟ ಚಲನೆಯೇ. ಅದು ಕಡಿಮೆಯಾದರೆ ಸ್ವಲ್ಪ ಹೆಚ್ಚೇ ಆಕ್ಸಿಲರೇಟರ್ ಕೊಟ್ಟು, ಸ್ವಲ್ಪ ಹೆಚ್ಚೇ ಜಾರಿಸಿ ಹೊರಡಬೇಕು. ವಾರಾಂತ್ಯದ ಕಾರಿಗೆ ಹಾಕಿ, ಆಫೀಸಿನ ಕಾರಿಗೆ ನಾನಂತೂ ಹೇಳುವುದಿಲ್ಲ.

ಕೆಲಸಕ್ಕೆ ಬರೋಣ. ಮಿಯಾಟಾದಲ್ಲಿ ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಜೋಡಿಸುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟೊಂದಿದೆ. ಸೈಲೆನ್ಸರ್ ಪೈಪು, ಪ್ರೊಪೆಲರ್ ಶಾಫ್ಟ್ ಜೊತೆ ಅದನ್ನೂ ಬಿಚ್ಚಿದರೇ ಗೇರ್‌ಬಾಕ್ಸ್ ಕೆಳಗಿಳಿಯುವುದು. ವಾಪಸ್ ಕೂರಿಸುವಾಗ ಗೇರ್‌ಬಾಕ್ಸಿನ ಎತ್ತರ ಅಳೆದು ಕೂರಿಸದಿದ್ದರೆ ಕಾರು ನಡುಗುತ್ತದೆ. ಮೆಕ್ಯಾನಿಕ್ ಮಿಯಾಟಾ ಕೆಲಸ ಮಾಡಿದವನಾ ಅಂತ ತಿಳಿಯಲು ಈ ಎತ್ತರ ಹೇಗೆ ಅಳೆಯುತ್ತೀರಿ ಅಂತ ಕೇಳಿದರೆ ಸಾಕು.

ಗೇರ್‌ಬಾಕ್ಸ್ ಇಳಿದ ಮೇಲೆ ಅದರ ಗಂಟೆಯಾಕಾರದ ಕವಚದೊಳಗೆ ಆಯಿಲ್ ಕಂಡರೆ ಎಲ್ಲರೂ ಕ್ರಾಂಕ್‌ಶಾಫ್ಟಿನ ಹಿಂದಿನ ಸೀಲ್ ಹೋಗಿದೆ ಅನ್ನುತ್ತಾರೆ. ಅದು ಇರಬಹುದು. ಆದರೆ ಈ ಕಾರಿನಲ್ಲಿ ಇನ್ನೊಬ್ಬ ಕಳ್ಳನಿದ್ದಾನೆ. ಎಂಜಿನ್ ತಲೆಯ ಹಿಂತುದಿಯಲ್ಲಿ, ಕೈ ಹೋಗದ ಸಂದಿಯಲ್ಲಿ, ಎಂಜಿನ್ ಯಾವ ಹಂತದಲ್ಲಿ ತಿರುಗುತ್ತಿದೆ ಅಂತ ತಿಳಿಸುವ ಕ್ಯಾಮ್ ಆಂಗಲ್ ಸೆನ್ಸರ್ ಕೂತಿರುತ್ತದೆ. ಅದರ ರಬ್ಬರ್ ಓ-ರಿಂಗ್ ವಯಸ್ಸಾಗಿ ಗಟ್ಟಿಯಾದಾಗ ಆಯಿಲ್ ಎಂಜಿನ್ನಿನ ಬೆನ್ನ ಮೇಲಿಂದ ಇಳಿದು ಸರಿಯಾಗಿ ಇದೇ ಜಾಗಕ್ಕೆ ಬರುತ್ತದೆ. ಚಿಲ್ಲರೆ ಬೆಲೆಯ ಓ-ರಿಂಗ್. ಮೇಲಿನಿಂದ ಟಾರ್ಚ್ ಹಾಕಿ ಸೆನ್ಸರಿನ ಕೆಳಗೆ ಒದ್ದೆ ಇದೆಯಾ ನೋಡಿ. ಹೇಗೂ ಎಲ್ಲ ಬಿಚ್ಚಿರುವಾಗ ಹಿಂದಿನ ಸೀಲನ್ನೂ, ಗೇರ್‌ಬಾಕ್ಸ್ ಮುಂದಿನ ಸೀಲನ್ನೂ, ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಎರಡನ್ನೂ ಬದಲಾಯಿಸುವುದೇ ಸರಿ. ಆಯಿಲ್ ಕುಡಿದ ಪ್ಲೇಟು ಎಷ್ಟೇ ದುಬಾರಿಯದ್ದಾದರೂ ಜಾರುತ್ತದೆ, ನಡುಗುತ್ತದೆ.

ಹಳೇ 1.8 ಕಾರಿನಿಂದ ಫ್ಲೈವೀಲ್ ತಂದಿದ್ದರೆ ಮಷಿನ್ ಶಾಪಿನಲ್ಲಿ ಮುಖ ತೆಗೆಸಿ. ಲೇತ್‌ನಲ್ಲಿ ಕೆತ್ತುವುದಕ್ಕಿಂತ ಗ್ರೈಂಡಿಂಗ್ ವಾಸಿ. ಶಾಖಕ್ಕೆ ಗಟ್ಟಿಯಾದ ಮಚ್ಚೆಗಳ ಮೇಲೆ ಲೇತ್ ಉಳಿ ಎಗರಿ ಅಲ್ಲಲ್ಲಿ ಉಬ್ಬು ಬಿಡುತ್ತದೆ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಒಂದೇ ಕಡೆಯಿಂದ ಬಿಗಿದರೆ ಅದರ ಕವಚವೇ ಸೊಟ್ಟಗಾಗುತ್ತದೆ. ಹೊಸ ಪ್ಲೇಟಿನ ಮುಖಕ್ಕೆ ಗ್ರೀಸ್ ಕೈ ತಾಗಿಸಬೇಡಿ. ಆಮೇಲೆ ಮೊದಲ 800 ಕಿಲೋಮೀಟರ್ ಊರೊಳಗೇ ನಿಂತು ಹೊರಟು ಓಡಿಸಿ. ಹೆದ್ದಾರಿಯಲ್ಲಿ ಒಂದೇ ಗೇರಿನಲ್ಲಿ 800 ಓಡಿಸಿದರೆ ಕ್ಲಚ್ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ, ಪ್ಲೇಟ್ ಉಜ್ಜಿಕೊಳ್ಳುವುದು ಜಾರುವಾಗ ಮಾತ್ರ.

ಇಷ್ಟೆಲ್ಲಾ ಮಾಮೂಲಿ ಎಂಜಿನ್ನಿನ ಮಾತು. ಟರ್ಬೋ ಕೂರಿಸಿ 250 ನ್ಯೂಟನ್ ಮೀಟರ್ ದಾಟಿಸಿದ್ದರೆ 215ರ ಮಾಮೂಲಿ ಕ್ಲಚ್ ಸಾಲದು. ಆಗಲೂ ಮೊದಲು ನೋಡಬೇಕಾದ್ದು ಬಿಗಿ ಪ್ರೆಷರ್ ಪ್ಲೇಟ್ ಜೊತೆ ಪೂರ್ತಿ ಮುಖದ ಆರ್ಗ್ಯಾನಿಕ್ ಪ್ಲೇಟ್ ಇರುವ ಸೆಟ್. ಕಾಲಿಗೆ ಭಾರ ಬಿದ್ದರೂ ಹಾಫ್ ಕ್ಲಚ್ ಉಳಿಯುತ್ತದೆ. ಬಿಲ್ಲೆ ಪ್ಲೇಟ್ ಅದಕ್ಕೂ ಬಗ್ಗದಿದ್ದಾಗ.

ಪೋರ್ಷೆ 944 ಅನ್ನುವ ಇನ್ನೊಂದು ಹಳೇ ಸ್ಪೋರ್ಟ್ಸ್ ಕಾರು ಕೊಂಡವರಿಗೆ ಮಾತ್ರ ನನ್ನ ಸಲಹೆ ಸ್ವಲ್ಪ ಬೇರೆ. 1982ರಿಂದ 1991ರವರೆಗೆ ಬಂದ ಈ ಕಾರಿನಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ, ಎರಡನ್ನೂ ಸೇರಿಸುವ ದಪ್ಪ ಕೊಳವೆ ಮಧ್ಯೆ. ಕ್ಲಚ್ ಇರುವುದು ಎಂಜಿನ್ ಬುಡದಲ್ಲಿ. ಅಲ್ಲಿಗೆ ಕೈ ಹೋಗಬೇಕಾದರೆ ಹಿಂದಿನ ಗೇರ್‌ಬಾಕ್ಸ್ ಇಳಿಸಿ, ಕೊಳವೆಯನ್ನೇ ಹಿಂದಕ್ಕೆ ಸರಿಸಬೇಕು. ಮಿಯಾಟಾ ಕೆಲಸ ಇದರ ಮುಂದೆ ಏನೂ ಅಲ್ಲ, ಕೂಲಿಯೂ ಅದಕ್ಕೆ ತಕ್ಕಂತೆ. ಅದರ ಮೂಲ ಕ್ಲಚ್ ಪ್ಲೇಟಿನ ನಡುವೆ ಸುರುಳಿ ಸ್ಪ್ರಿಂಗಿನ ಬದಲು ರಬ್ಬರ್ ಇತ್ತು. ದೊಡ್ಡ ನಾಲ್ಕು ಸಿಲಿಂಡರಿನ ಹೊಡೆತ ನುಂಗಿ, ಐಡಲ್‌ನಲ್ಲಿ ಗೇರುಗಳು ಕಟಕಟ ಅನ್ನದಂತೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ರಬ್ಬರಿಗೆ ಕಿಲೋಮೀಟರ್ ಲೆಕ್ಕವಿಲ್ಲ, ವಯಸ್ಸಿನ ಲೆಕ್ಕ. ಕಾರು ಶೆಡ್ಡಿನಲ್ಲೇ ನಿಂತಿದ್ದರೂ ಒಣಗಿ ಬಿರಿಯುತ್ತದೆ, ಉಜ್ಜುವ ಮುಖ ಹೊಸದರಂತೆ ಇರುವಾಗಲೇ ನಡುವಿನ ರಬ್ಬರ್ ಚೂರಾಗುತ್ತದೆ. ಅಲ್ಲಿ ಸ್ಪ್ರಿಂಗ್ ಪ್ಲೇಟಿಗೆ ಬದಲಾಗುವುದೇ ಜಾಣತನ. ನ್ಯೂಟ್ರಲ್‌ನಲ್ಲಿ ಸ್ವಲ್ಪ ಕಟಕಟ ಕೇಳಿಸೀತು, ಕೇಳಿಸಲಿ. 944 ಕೊಳ್ಳಲು ಹೊರಟಿದ್ದರೆ ಕ್ಲಚ್ ಯಾವ ವರ್ಷ ಬದಲಾಗಿದೆ, ಹಾಕಿದ್ದು ರಬ್ಬರಿನದಾ ಸ್ಪ್ರಿಂಗಿನದಾ ಅಂತ ಬಿಲ್ ತೋರಿಸಲು ಹೇಳಿ. ಬಿಲ್ ಇಲ್ಲ ಅಂದರೆ ಆ ಕೂಲಿಯಷ್ಟನ್ನು ಬೆಲೆಯಲ್ಲಿ ಕಳೆದೇ ಮಾತು ಶುರು ಮಾಡಿ.